ನಡುಪಟ್ಟಿ

ಕುದುರೆಯ ಮುಂಗಾಲು ತಾರ್ವಗ ತೋಡಿದ ಬಿಲಕ್ಕಿಳಿದದ್ದು
ಕಂಡದ್ದು ನಾನೊಬ್ಬಳೇ.
ಗೊಂಚಿಗ್ ಮಾವ ಗಾಳಿಯಲ್ಲಿ ಒಂದು ಗಳಿಗೆ
ಟೊಪ್ಪಿ ಬೇರೆ, ತಾನು ಬೇರೆಯಾಗಿ ಹಾರಿ
ಕಲ್ಲಿನ ಮೇಲೆ ಬಿದ್ದ.
ಒಣಕಟ್ಟಿಗೆ ಮುರಿದ ಸದ್ದು.
ಈ ಬಯಲಲ್ಲಿ ಕಟ್ಟಿಗೆಯೇ ಇಲ್ಲ.

ಕುದುರೆ ಎದ್ದು ಮೈ ಕೊಡವಿತು.
ಮಾವ ಏಳಲಿಲ್ಲ.

ನಲವತ್ತು ವರ್ಷ ಈ ಕಣಿವೆಯ ಮುರಿದ ಮೂಳೆಗಳನ್ನೆಲ್ಲ
ಹೆಬ್ಬೆರಳಿನಿಂದ ಓದಿದವನು:
ಮಕ್ಕಳ ಮೊಣಕೈ, ಕುಸ್ತಿಯವರ ಭುಜ,
ಒಮ್ಮೆ ಚಮರಿ ಕರುವಿನ ತೊಡೆ.
ತನ್ನ ಮೊಣಕಾಲ ಕೆಳಗಿನ ಎಲುಬು ಮಾತ್ರ
ಅವನ ಕೈಗೆ ಎಟುಕದಷ್ಟು ದೂರ.

"ಎಳೆ," ಅಂದ. "ಹಿಮ್ಮಡಿ ಹಿಡಿದು ನೇರಕ್ಕೆ ಎಳೆ. ನಾನು ಹೇಳ್ತೀನಿ."
"ಎಳೆಯೋದಿಲ್ಲ," ಅಂದೆ.
ಜಿಲ್ಲಾ ಆಸ್ಪತ್ರೆಯ ಮೂರು ದಿನದ ತರಬೇತಿಗೆ
ನಾನು ಹೋದದ್ದು ಬಿಟ್ಟಿ ಊಟಕ್ಕೆ. ಆದರೂ ಇಷ್ಟು ನೆನಪಿತ್ತು:
ಇದ್ದ ಹಾಗೇ ಇರಿಸು. ಮೇಲಿನ ಕೀಲು, ಕೆಳಗಿನ ಕೀಲು
ಎರಡೂ ಅಲುಗದಂತೆ ಕಟ್ಟು. ಗಂಟು ಮುರಿದಲ್ಲಿ ಬರಕೂಡದು.

ಬೂಟಿನ ಹೊಲಿಗೆ ಕೊಯ್ದೆ. ಹೆಬ್ಬೆರಳ ಉಗುರು ಒತ್ತಿ ಬಿಟ್ಟೆ.
ಬಿಳಿ.
ಬಿಳಿ.
ಆಮೇಲೆ ಕೆಂಪು.
ರಕ್ತ ಇನ್ನೂ ದಾರಿ ಮರೆತಿಲ್ಲ.

ಕಿರಿಯವ ಚೊಯ್ಜಿಲ್ ಸಿಗ್ನಲ್ ಸಿಗುವ ಗುಡ್ಡಕ್ಕೆ ಓಡಿಸಿದ ಕುದುರೆಯ ಧೂಳು
ಇನ್ನೂ ನೆಲಕ್ಕಿಳಿದಿರಲಿಲ್ಲ. ಕೋಲು ಬೇಕಿತ್ತು.
ಸುತ್ತ ಹುಲ್ಲು, ಅದರಾಚೆ ಹುಲ್ಲು.
ಇದ್ದದ್ದು ಊರ್ಗಾ ಒಂದೇ, ಕುದುರೆಗೆ ಕುಣಿಕೆ ಎಸೆಯುವ ಉದ್ದ ಗಳ.
ಅದನ್ನು ದಾಟಬಾರದು, ಅದರ ಮೇಲೆ ಕಾಲಿಡಬಾರದು.
ಅವನಪ್ಪನ ಅಂಗೈಯ ಜಿಡ್ಡು ಕುಡಿದು ಕಪ್ಪಾದ ಗಳ.
ಮಾವ ಮುಖ ಆಚೆ ತಿರುಗಿಸಿದ.
ಕಲ್ಲಿಗೆ ಒರಗಿಸಿ ತುಳಿದೆ.
ಎರಡನೇ ಸಲ, ಅದೇ ಸದ್ದು.

ಜೀನಿನಡಿಯ ಕಂಬಳಿ ಮಡಿಸಿ ಎಡೆಗಳಿಗೆ ತುರುಕಿದೆ,
ಕುದುರೆಯ ಬೆವರಿನ ಬಿಸಿ ಅದರಲ್ಲಿನ್ನೂ ಇತ್ತು.
ಇನ್ನು ಕಟ್ಟಲು ಬಟ್ಟೆ.
ನಮ್ಮ ಮಂಗೋಲ ಮಾತಿನಲ್ಲಿ ಹೆಂಗಸೆಂದರೆ
ನಡುಪಟ್ಟಿ ಇಲ್ಲದವಳು ಎಂದೇ ಅರ್ಥ.
ಸವಾರಿಗೆಂದು ನಾನೂ ಸುತ್ತಿದ್ದೆ, ಎಂಟು ಮೊಳ ರೇಷ್ಮೆ.
ಬಿಚ್ಚಿದೆ. ಸಾಲಲಿಲ್ಲ.
ಅವನ ಸೊಂಟದ ಗಂಟಿಗೆ ಕೈ ಹಾಕಿದಾಗ
ಗಪ್ಪನೆ ನನ್ನ ಕೈ ಹಿಡಿದ.
ಆಮೇಲೆ ತಾನೇ ಬಿಚ್ಚಿ ಕೊಟ್ಟ.
ಗಾಳಿ ಇಬ್ಬರ ನಿಲುವಂಗಿಯನ್ನೂ ಒಂದೇ ಥರ ಉಬ್ಬಿಸಿತು.

ಕೊನೆಯ ಗಂಟು ಬಿಗಿಯುವಾಗ
ನನ್ನ ಬೂಟು ಅವನ ಸರಿಯಿದ್ದ ಪಾದಕ್ಕೆ ತಾಗಿತು.
ಕಾಲಿಗೆ ಕಾಲು ತಾಗಿದರೆ ಕೈ ಕುಲುಕಬೇಕು,
ಇಲ್ಲದಿದ್ದರೆ ಹಗೆ ಉಳಿಯುತ್ತದೆ.
ಹಲ್ಲು ಕಚ್ಚಿಕೊಂಡೇ ಕೈ ಚಾಚಿದ.
ಹಿಡಿದೆ. ಅವನ ಹೆಬ್ಬೆರಳು ಹಳೇ ಚಾಳಿಯಂತೆ
ನನ್ನ ಮಣಿಕಟ್ಟಿನ ಮೇಲೆ ಸರಿದು, ಒಂದು ಕಡೆ ನಿಂತಿತು.
"ಇಲ್ಲಿ," ಅಂದ, "ಚಿಕ್ಕಂದಿನಲ್ಲಿ ಮುರಿದಿದೆ. ಯಾರು ಕೂರಿಸಿದ್ದು?
ತುಸು ವಾರೆ."

ಏನೂ ಹೇಳಲಿಲ್ಲ.
ಉಗುರು ಮತ್ತೆ ಒತ್ತಿ ನೋಡಿದೆ.