ದಸ್ತಾ

ಬೆಟಗೇರಿಯ ನನ್ನ ಬೈಂಡಿಂಗ್ ಅಂಗಡಿಗೆ
ಅಬ್ಬಿಗೇರಿ ಮಾಸ್ತರು ತಂದ ಡಿಕ್ಷನರಿಗೆ
ಬೆನ್ನೇ ಇರಲಿಲ್ಲ.
ಗೆದ್ದಲು ಎ-ದಿಂದ ಹೊಂಟು ಪಿ-ತನಕ ಓದಿ ಮುಗಿಸಿ
ಕ್ಯೂ ಬಂತು ಅಂತ
ಪಾಳಿ ಹಚ್ಚಿ ನಿಂತಿತ್ತು.

ಹದಿನಾರು ಪುಟದ ಒಂದು ಫಾರ್ಮು
ಸಡಲಿ ನನ್ನ ತೊಡಿ ಮ್ಯಾಲ ಬಿತ್ತು.
ಮೈಲುತುತ್ತ ಹಾಕಿದ ಖಳಿ ಕುದಿಯೂತನಕ
ಮಾಸ್ತರು ಸ್ಟೂಲಿನ ಮ್ಯಾಲ ಕುಂತು
ಕನ್ನಡಕ ಹಣಿಗೇರಿಸಿ ಓದಿದರು.
ಎಲ್ಲಾ ಶಬ್ದಗಳ ಬಾಯಿ ಒಂದೇ: ಕ್ವಾ, ಕ್ವಾ.
ಬಾತುಕೋಳಿ ಓಣಿ ಹೊಕ್ಕಂಗ.

ಕ್ವಾರಿ.
ಇದು ನನಗ ಗೊತ್ತಿತ್ತು. ಅಬ್ಬಾ ಹನ್ನೆರಡು ವರ್ಷ
ಕಲ್ಲಿನ ಖಣಿಯೊಳಗ ಉಳಿ ಹಿಡಿದವ;
ಅವನ ಕೆಮ್ಮಿನೊಳಗ ಸಾಯೂತನಕ ಜಲ್ಲಿ ಇತ್ತು.
"ಕಲ್ಲು ಚೌಕ ಮಾಡೋ ಜಾಗ," ಅಂದ್ರು ಮಾಸ್ತರು,
"ಲ್ಯಾಟಿನ್ನಿನ ಚೌಕದಿಂದ ಬಂದದ್ದು."
ಚೌಕ ಆಗಿದ್ದು ಅಬ್ಬಾನ ಅಂಗೈ.
ಕಲ್ಲು ಎಷ್ಟೋ ಸಲ ಸೊಟ್ಟ.

ಕೆಳಗ ಮತ್ತೊಂದು ಕ್ವಾರಿ. ಅಂಗಿ ಅದೇ, ಮನಿತನ ಬ್ಯಾರೆ:
ಬ್ಯಾಟಿಯ ಮಿಗ.
ಹಿಂದ ಫ್ರೆಂಚರು ಬ್ಯಾಟಿನಾಯಿಗಳ ಪಾಲು
ತೊಗಲಿನ ಮ್ಯಾಲ ಹಾಸಿ ಇಡತಿದ್ರಂತ.
ತೊಗಲಿನ ಹೆಸರು ನಾಯಿಪಾಲಿಗೆ ಬಂತು,
ನಾಯಿಪಾಲಿನದು ಓಡೋ ಮಿಗಕ್ಕ.
ಬೆನ್ನಿಗೆ ಹಚ್ಚಲಿಕ್ಕೆ ತಗೊಂಡ ತೊಗಲಿನ ತುಂಡು
ನನ್ನ ಕೈಯಾಗ ತುಸು ಭಾರ ಆತು.

ಕ್ವಾರೆಲ್.
"ಜಗಳ. ಮೊದಲಿನ ಅರ್ಥ ಗೊಣಗೋದು, ದೂರು ಹೇಳೋದು."
ಪಕ್ಕದ ಅಂಗಡ್ಯಾಗ ಕಟಿಂಗ್ ಮಷೀನು ಧಡ್ ಅಂತು.
ನಡುವಿನ ತಗಡಿನಾಚೆ ನನ್ನ ತಮ್ಮ ಲಾಡಸಾಬ.
ಮಾಸ್ತರು ದನಿ ಇಳಿಸಿದರು:
"ಇನ್ನೊಂದು ಕ್ವಾರೆಲ್ ಐತಿ. ಚೌಕ ಮೂತಿಯ ಬಾಣ."
ಅದೂ ಗೊತ್ತು. ನಾಕೂ ಮೂಲಿ ಚುಚ್ಚತಾವ.

ಕ್ವಾರಂಟೈನ್.
"ನಲವತ್ತು," ಅಂದ್ರು. "ಪ್ಲೇಗಿನ ಊರಿಂದ ಬಂದ ಹಡಗು
ವೆನಿಸ್ಸಿನ ದಂಡಿಗೆ ಹತ್ತಧಂಗ
ನಲವತ್ತು ದಿನ ನೀರಾಗ ನಿಲ್ಲಬೇಕಿತ್ತು."
ನಲವತ್ತು ನಮ್ಮ ಮನಿ ಲೆಕ್ಕ:
ಅಮ್ಮಾ ನಮ್ಮನ್ನ ಹಡೆದು ಚಿಲ್ಲಾ ಕುಂತದ್ದು ನಲವತ್ತು,
ಅಬ್ಬಾನ ಚಾಲೀಸ್ವಾಕ್ಕ ಓಣಿಗೆಲ್ಲ ಉಣ್ಣಾಕ ಇಟ್ಟದ್ದು ನಲವತ್ತಕ್ಕ.
ಆ ವರ್ಷ ಇಚಲಕರಂಜಿಯಿಂದ ನಡಕೋತ ಬಂದ ಲಾಡಸಾಬನ್ನ
ಉರ್ದು ಸಾಲ್ಯಾಗ ಇಟ್ಟದ್ದು ಹದಿನಾಲ್ಕು.
ಹೆಸರಿನಾಗ ನಲವತ್ತು, ತಕ್ಕಡ್ಯಾಗ ಹದಿನಾಲ್ಕು,
ಸಂತಿ ವ್ಯಾಪಾರ.
ಹೊರಗ ಬಂದವನೇ ಕೈ ಚಾಚಿದ.
ನಾ ಹಿಂದ ಸರದೆ.
ಆ ಉಳಿದ ಇಪ್ಪತ್ತಾರು ದಿನ
ಇನ್ನೂ ಮುಗದಿಲ್ಲ.

ಕ್ವಾಯರ್.
"ಇದು ನಿನ್ನ ಶಬ್ದ," ಅಂದ್ರು. "ಒಂದು ದಸ್ತಾ ಹಾಳಿ.
ಮೊದಲು ನಾಕೇ ಇದ್ದು, ಒಂದರೊಳಗೊಂದು ಮಡಚಿ;
ಆಮ್ಯಾಲ ಇಪ್ಪತ್ನಾಕು ಆದ್ವು.
ಅವರದು ನಾಕರ ಲೆಕ್ಕ. ನಮ್ಮ ದಸ್ತಾ
ಎಲ್ಲಿಂದ ಬಂತು, ಹೇಳು?"
ಮೂವತ್ತೊಂದು ವರ್ಷ ದಸ್ತಾ ಎಣಿಸಿದವ ನಾನು,
ಅದನ್ನ ಕೇಳಿರಲಿಲ್ಲ.
"ಫಾರ್ಸಿ. ದಸ್ತ್ ಅಂದ್ರ ಕೈ.
ಒಂದು ಕೈ ಹಿಡಿಯೂವಷ್ಟು."

ಖಳಿ ಉಕ್ಕಿತು. ಇಳಿಸಿದೆ.
ಪುಸ್ತಕದ ಹಿಂದ ಮುಂದ ಹಚ್ಚಲಿಕ್ಕೆ
ಬಿಳಿ ಹಾಳಿ ಸಾಲವಲ್ವು.
(ರಟ್ಟಿನ ಹಿಂದ ಒಂದು ಕಟ್ಟು ಇದ್ದದ್ದು
ಮಾಸ್ತರು ನೋಡಿದರು, ಸುಮ್ಮನಿದ್ದರು.)
ತಗಡಿಗೆ ಬೆರಳಿನಿಂದ ಎರಡು ಸಲ ಬಡದೆ:
"ಒಂದು ದಸ್ತಾ ಹಾಳಿ ಬೇಕಿತ್ತು."

ಮಷೀನು ನಿಂತಿತು.
ಬಾಳ ಹೊತ್ತು ಏನೂ ಇಲ್ಲ,
ಹೊರಗ ಒಂದು ಟಂಟಂ ಹಾರ್ನು.
ಆಮ್ಯಾಲ ತಗಡಿನ ಮ್ಯಾಲಿಂದ
ಕೈಯೊಂದು ಬಂತು, ಮೊಣಕೈತನಕ,
ಮುಖ ಇಲ್ಲ, ಮಾತಿಲ್ಲ,
ಹಿಡಿಯೂವಷ್ಟು ಹಿಡಕೊಂಡು.

ಎಣಿಸಿದೆ. ಇಪ್ಪತ್ಮೂರು.
"ಒಂದು ಕಡಿಮಿ ಬಂತಲ್ಲೋ," ಅಂದ್ರು ಮಾಸ್ತರು.
ಇರಲಿ ಬಿಡ್ರಿ, ಅಂದೆ.
ಗೊಣಗಲಿಕ್ಕೆ ಇಷ್ಟಾದರೂ ಬೇಕು.