ಬಲಮೂಲೆಯ ನೀಲಿ ಗೆರೆ

ಗ್ರಿಮ್ಸ್‌ಬಿಯ ಹಳೇಸಾಮಾನಿನಂಗಡಿಯಲ್ಲಿ
ಇಪ್ಪತ್ತು ಪೌಂಡಿಗೆ ಸಿಕ್ಕ ಕಂಪ್ಯೂಟರು.
ಒಳಗೆ ಇನ್ನೂ ಯಾರದೋ ವಾಸ.

ಟಾಸ್ಕ್‌ಬಾರು ನೆತ್ತಿಯ ಮೇಲೆ. ಇಳಿಸಿದೆ.
ಬಾಣ ಹೆಬ್ಬೆರಳಿನಷ್ಟು ದಪ್ಪ, ಅರಿಸಿನ ಬಣ್ಣ. ಸಣ್ಣಗೆ ಮಾಡಿದೆ.
ಮೌಸಿನ ಗುಂಡಿ ಅದಲುಬದಲು:
ಎಡಚನಿರಬೇಕು, ನಮ್ಮ ಅಂಬುಜತ್ತೆಯ ಹಾಗೆ;
ಊಟದೆಲೆಯ ಮುಂದೆ ಇವನ ಕೈಗೆ
ಯಾರೂ ಹೊಡೆದಿರಲಾರರು.

ಕಸದಬುಟ್ಟಿಗೆ ಇಟ್ಟ ಹೆಸರು ‘ಸಮುದ್ರ’.
ನಕ್ಕೆ. ಬುಟ್ಟಿಯೆಂದೇ ತಿದ್ದಿದೆ.

ಬಲಮೂಲೆಯಲ್ಲೊಂದು ಚಿಟಿಕೆ ತಂತ್ರಾಂಶ,
ಹಂಬರಿನ ಉಬ್ಬರವಿಳಿತ ತೋರುವ ನೀಲಿ ಗೆರೆ.
ಅದನ್ನೂ ತೆಗೆಯಹೋದೆ.
ಗೆರೆ ಏರುತ್ತಿತ್ತು.
ಕಿಟಕಿಯಾಚೆ, ಬೀದಿ ಮುಗಿಯುವಲ್ಲಿ,
ಕೆಸರಲ್ಲಿ ಕೂತಿದ್ದ ದೋಣಿಯೊಂದು
ಮೆಲ್ಲಗೆ ಮಗ್ಗುಲು ಬದಲಿಸಿತು.

‘ಖಚಿತವೇ?’ ಕೇಳಿತು ಪರದೆ.
ಇಲ್ಲವೆಂದೆ.
ಎಡಚ ಮೌಸು;
ಎರಡು ಸಲ ಒತ್ತಬೇಕಾಯಿತು.