ನಾಲ್ಕನೆಯ ಅಂಕಿ

ಪಾಲಿಬೆಟ್ಟದಾಚೆಯ ತೋಟದಲ್ಲಿ ನಾನು ರೈಟರ್.
ರೈಟರ್ ಅಂದರೆ ಬರೆಯುವವನು, ನಿಜ.
ಬರೆಯುವುದು ಮಾತ್ರ ಹೆಸರು, ಕಿಲೋ, ಹೆಸರು, ಕಿಲೋ.
ಪುಸ್ತಕದ ಮುಂದಿನಿಂದ ಕಾಫಿ ಕುಯ್ಯುವವರ ಲೆಕ್ಕ,
ಹಿಂದಿನಿಂದ, ತಲೆಕೆಳಗು ಹಿಡಿದು, ಬೇಸ್‌ಬಾಲಿನದು.

ಕಾಲು ಮುರಿದು ಅಮ್ಮತ್ತಿ ಆಸ್ಪತ್ರೆಯಲ್ಲಿ ಮಲಗಿದ್ದೆ.
ಪಕ್ಕದ ಹಾಸಿಗೆಯ ಹುಡುಗನ ಫೋನಿನಲ್ಲಿ ಕಂಡಿತು:
ದುಂಡನೆ ಕೋಲು, ದುಂಡನೆ ಚೆಂಡು,
ದುಂಡಗಿನದರಿಂದ ದುಂಡಗಿನದನ್ನೇ ಹೊಡೆಯುವ ಹಟ.
ಹುಡುಗ ವಾಸಿಯಾಗಿ ಹೋದ. ನನಗೆ ವಾಸಿಯಾಗಲಿಲ್ಲ.

ಅವರ ರಾತ್ರಿ ನಮ್ಮ ಮುಂಜಾವು.
ಸಿಗ್ನಲ್ ಸಿಗುವುದು ಕಣದ ಈಶಾನ್ಯ ಮೂಲೆಯಲ್ಲಿ ಮಾತ್ರ.
ಬೆಲ್ಲದ ಕಾಫಿ ಹಿಡಿದು ಅಲ್ಲಿ ನಿಂತು
ಹಾಜರಿ ಕರೆಯುವ ಮೊದಲು ಇಳಿಸಿಕೊಳ್ಳುತ್ತೇನೆ:
ಯಾರು ಮುಂದು, ಯಾರು ಜಾರಿದ,
ಸಾವಿರಕ್ಕೆ ಮುನ್ನೂರ ಮೂವತ್ತು,
ಮುನ್ನೂರ ಇಪ್ಪತ್ತೊಂಬತ್ತು.

ಬೊಳಚಿಗೆ ಒಮ್ಮೆ ಹೇಳಿದೆ:
ಅಲ್ಲಿ ಹತ್ತು ಸಲದಲ್ಲಿ ಏಳು ಸಲ ಸೋತವನೇ
ಇಡೀ ಸೀಸನ್ನಿಗೆ ಮೊದಲು, ಗೊತ್ತಾ?
ಅವಳು ಕೊಂಬೆ ಬಗ್ಗಿಸಿದ ಕೈ ಬಿಡದೆ ನಕ್ಕಳು.
"ಏಳು ಗಿಡ ಬಿಟ್ಟು ಮೂರು ಗಿಡ ಕುಯ್ದು ಬರ್ತೀನಿ ನಾಳೆ.
ಮೊದಲು ಅಂತ ಬರಿತೀರಾ, ರೈಟರೇ?"

ಕಳೆದ ಸೆಪ್ಟೆಂಬರ್ ಕೊನೆಗೆ ಹೀಗಾಯಿತು.
ಇಬ್ಬರು. ಇಬ್ಬರಿಗೂ ಮುನ್ನೂರ ಇಪ್ಪತ್ತೆಂಟು.
ಒಬ್ಬ ಎಡಗೈಯವನು ಕೊನೆಯ ದಿನ ಆಟಕ್ಕೇ ಇಳಿಯಲಿಲ್ಲ,
ಬೆಂಚಿನಲ್ಲಿ ಕೂತು ಬೀಜದ ಸಿಪ್ಪೆ ಉಗಿಯುತ್ತ
ತನ್ನ ಅಂಕಿಗೆ ತಾನೇ ಕಾವಲು ಕೂತ.
ಇನ್ನೊಬ್ಬ ಇಳಿದ, ನಾಲ್ಕು ಸಲ ಬೀಸಿದ, ಒಂದು ತಾಗಿತು.
ಆಗ ಅವರು ನಾಲ್ಕನೆಯ ಅಂಕಿ ತೆಗೆದು ನೋಡಿದರು.
ಕೂದಲೆಳೆ. ಅಷ್ಟಕ್ಕೇ ಒಬ್ಬ ಮೊದಲಾದ,
ಕೂತವನೇ.

ನನಗೆ ಕೋಪ ಬರಬೇಕಿತ್ತು ಅವನ ಮೇಲೆ.
ಬಂದದ್ದು ಭಯ.
ಪುಸ್ತಕವನ್ನು ಈಚೆ ತಿರುಗಿಸಿದೆ.

ನಮ್ಮಲ್ಲೂ ಸೀಸನ್ನಿಗೊಂದು ಮೊದಲು ಇದೆ.
ಸಾಹುಕಾರರು ಐದು ಲೀಟರಿನ ಕುಕ್ಕರ್ ಕೊಡುತ್ತಾರೆ.
ಹೋದ ಸಲ ಅದು ಅಸ್ಸಾಮಿನ ರಹಿಮಾಳಿಗೆ ಹೋಯಿತು,
ಬೊಳಚಿಗಿಂತ ಮೂರು ಕಿಲೋ ಹೆಚ್ಚು,
ಮೂರು ತಿಂಗಳಿಗೆ ಮೂರು ಕಿಲೋ.
ಕೊನೆಯ ದಿನ ಬೊಳಚಿ ಹೆಬ್ಬೆರಳಿಗೆ ಬಟ್ಟೆ ಸುತ್ತಿ ಬಂದಿದ್ದಳು.
ಚೀಲ ನೇತುಹಾಕಿದಾಗ ಮುಳ್ಳು ಎಪ್ಪತ್ತೊಂದು ದಾಟಿ
ನಡುಗುತ್ತಿತ್ತು ಇನ್ನೂ. ನಾನು ಎಪ್ಪತ್ತೊಂದು ಬರೆದೆ.
ಹಳೆಯ ರೈಟರ್ ತಿಮ್ಮಪ್ಪಣ್ಣ ಕಲಿಸಿದ ಪಾಠ:
ಚೀಲಕ್ಕೊಂದು ಕಿಲೋ ಕಳೆ, ಎಲೆ ಕಡ್ಡಿಗೆ ಅರ್ಧ,
ಚಿಲ್ಲರೆ ತೋಟಕ್ಕೆ ಬಿಡು.

ತೊಂಬತ್ತೆರಡು ದಿನ. ಅವಳ ಚಿಲ್ಲರೆ ಎಷ್ಟಿತ್ತು?
ರಹಿಮಾಳದ್ದೆಷ್ಟು? ಯಾರು ಮೊದಲು, ನಿಜಕ್ಕೂ?
ಬೆರಳಿಟ್ಟು ಸಾಲು ಸಾಲು ಇಳಿದೆ.
ಬರೆಯದ್ದು ಪುಸ್ತಕದಲ್ಲಿ ಇರುವುದಿಲ್ಲ.
ಹಿಂಬದಿಯ ಹಾಳೆಗಳಲ್ಲಿ ಮಾತ್ರ
ಎಂದೂ ಕಾಣದ ಊರಿನ, ಎಂದೂ ಕಾಣದ ಗಂಡಸರ
ಸಾವಿರದಲ್ಲೊಂದು ಪಾಲೂ ಜೋಪಾನವಾಗಿತ್ತು.

ಈ ಡಿಸೆಂಬರ್, ಮೊದಲ ತೂಕ.
ಮಂಜು ಇನ್ನೂ ಸಿಲ್ವರ್ ಮರಗಳ ಸೊಂಟದಲ್ಲಿ.
ಮುಳ್ಳು ನಿಲ್ಲುವವರೆಗೆ ಕಾದೆ.
ಹಿಂದಿನ ಸಾಲಿನವರು ಗೊಣಗಿದರು, ಯಾರೋ ಕೆಮ್ಮಿದರು.
ಬರೆದೆ: ಬೊಳಚಿ, ಅರವತ್ತಮೂರು, ಚುಕ್ಕಿ, ನಾಲ್ಕು.

ಸಂಜೆ ಸಾಹುಕಾರರು ಕನ್ನಡಕ ಏರಿಸಿ ಕೇಳಿದರು:
"ಇದೇನು ರೈಟರೇ, ನೊಣ ಕೂತಿತ್ತಾ?"
"ಇಲ್ಲ," ಅಂದೆ. "ತೂಕ."
ಅವರು ಆ ಚುಕ್ಕಿಯನ್ನು ಉಗುರಿನಿಂದ ಕೆರೆದು ನೋಡಿದರು.
ಹೋಗಲಿಲ್ಲ.